ಕಡಕ್ ರೊಟ್ಟಿ ಪುಡಿಯ ಹೊದಿಕೆ, ಜಪಾನಿನ ಕೊರೊಕ್ಕೆ

ಏರ್ ಫ್ರೈಯರ್ ಹೊಸದಾಗಿ ಬಂದ ಮನೆಯಲ್ಲಿ ಮೊದಲ ವಾರ ನಡೆಯುವುದು ಹೆಚ್ಚುಕಡಿಮೆ ಒಂದೇ. ಬಾಗಲಕೋಟೆಯ ಮನೆಯಾದರೆ ಮೊದಲ ಪ್ರಯೋಗ ಮಿರ್ಚಿ ಭಜಿಯ ಮೇಲೆ. ಕಡ್ಲಿ ಹಿಟ್ಟು ಕಲಸಿ, ಮೆಣಸಿನಕಾಯಿ ಅದ್ದಿ, ಬುಟ್ಟಿಯೊಳಗೆ ಇಟ್ಟು ಗುಂಡಿ ಒತ್ತುತ್ತಾರೆ. ಹತ್ತು ನಿಮಿಷ ಬಿಟ್ಟು ತೆರೆದರೆ ಹಿಟ್ಟೆಲ್ಲ ಜಾಲರಿಯ ತೂತಿನಿಂದ ಇಳಿದು ತಳದಲ್ಲಿ ಒಣಗಿ ಅಂಟಿಕೊಂಡಿರುತ್ತದೆ, ಮೆಣಸಿನಕಾಯಿ ಬರಿಮೈಯಲ್ಲಿ ಬಾಡಿ ಮಲಗಿರುತ್ತದೆ. ಅಲ್ಲಿಗೆ ‘ಇದರಾಗೇನೂ ಆಗಂಗಿಲ್ಲ ಬಿಡು’ ಎಂಬ ತೀರ್ಪು ಹೊರಬಿದ್ದು ಯಂತ್ರ ಅಟ್ಟಕ್ಕೆ ಏರುತ್ತದೆ.

ತೀರ್ಪು ಸ್ವಲ್ಪ ಅವಸರದ್ದು. ಹಸಿ ಹಿಟ್ಟಿನಲ್ಲಿ ಅದ್ದುವ ತಿಂಡಿ ಈ ಯಂತ್ರಕ್ಕೆ ಒಗ್ಗುವುದಿಲ್ಲ, ಅದು ನಿಜ. ಆದರೆ ಒಳಗಿನದು ಮೊದಲೇ ಬೆಂದಿದ್ದು, ಮೇಲೆ ಒಣ ಪುಡಿಯ ಹೊದಿಕೆ ಇರುವ ತಿಂಡಿಗೆ ಇದಕ್ಕಿಂತ ಅನುಕೂಲದ ಒಲೆ ಸಿಗುವುದು ಕಷ್ಟ. ಜಪಾನಿನವರ ಬಟಾಟಿ ಕೊರೊಕ್ಕೆ ಅಂಥದ್ದು. ಅದರ ಹೊದಿಕೆಗೆ ಬೇಕಾದ ಒಳ್ಳೆಯ ಒಣ ಪುಡಿ ನಮ್ಮ ಕಡೆಯ ಪ್ರತಿ ಅಡುಗೆಮನೆಯಲ್ಲೂ ಬಟ್ಟೆ ಮುಚ್ಚಿಕೊಂಡು ಕೂತಿದೆ: ಕಡಕ್ ಜೋಳದ ರೊಟ್ಟಿ.

ಮೊದಲು ಯಂತ್ರದ ಕತೆ. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗಲೇ ‘ಫ್ರೈಯರ್’ ಎಂಬ ಹೆಸರು ಅಂಟಿಕೊಂಡಿತು. ನಿಜದಲ್ಲಿ ಇದು ಪುಟ್ಟ ಬಿರುಗಾಳಿ ಭಟ್ಟಿ. ಮೇಲೆ ಕಾಯಿಲ್, ಅದರ ಬೆನ್ನಿಗೆ ಫ್ಯಾನು, ಕೆಳಗೆ ತೂತಿನ ಬುಟ್ಟಿ. ಕಾದ ಗಾಳಿ ಇಕ್ಕಟ್ಟಾದ ಜಾಗದಲ್ಲಿ ಜೋರಾಗಿ ಸುತ್ತುತ್ತ ತಿಂಡಿಯ ಮೈಮೇಲಿನ ತೇವವನ್ನು ಹೊತ್ತೊಯ್ಯುತ್ತದೆ. ತೇವ ಹೋದ ಮೇಲೆಯೇ ಮೈ ನೂರು ಡಿಗ್ರಿ ದಾಟುತ್ತದೆ, 140 ಡಿಗ್ರಿಯ ಆಸುಪಾಸಿನಲ್ಲಿ ಕೆಂಪಾಗಲು ಶುರುವಾಗುತ್ತದೆ.

ಎಣ್ಣೆಯ ಲೆಕ್ಕ ಬೇರೆ. 180 ಡಿಗ್ರಿ ಕಾದ ಭಟ್ಟಿಯ ಬಾಯಲ್ಲಿ ಕೈ ಹಿಡಿದರೆ ಒಂದೆರಡು ಕ್ಷಣ ತಾಳಬಹುದು. ಅಷ್ಟೇ ಕಾದ ಎಣ್ಣೆಯ ಒಂದು ಹನಿ ಸಿಡಿದರೂ ಬೊಬ್ಬೆ ಏಳುತ್ತದೆ. ಎಣ್ಣೆ ತನ್ನ ಕಾವನ್ನು ಗಾಳಿಗಿಂತ ಹಲವು ಪಟ್ಟು ಬೇಗ ದಾಟಿಸುತ್ತದೆ. ಹಾಗಾಗಿ ಕಡಾಯಿಯಲ್ಲಿ ಬಿದ್ದ ಹಸಿ ಹಿಟ್ಟು ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ಗಾಳಿಯಲ್ಲಿ ಅದು ಗಟ್ಟಿಯಾಗುವ ಮೊದಲೇ ಜಾರಿಹೋಗುತ್ತದೆ. ಭಜಿಯನ್ನು ಭಜಿಯ ಒಲೆಗೇ ಬಿಡುವುದು ಒಳ್ಳೆಯದು. ಬಾದಾಮಿ ಬಸ್ ಸ್ಟ್ಯಾಂಡಿನ ಹೊರಗೆ ಗಿರಮಿಟ್ ಪಕ್ಕಕ್ಕೆ ಬರುವ ಬಿಸಿ ಮಿರ್ಚಿಗೆ ಪರ್ಯಾಯ ಹುಡುಕುವ ಉದ್ದೇಶ ಈ ಬರಹಕ್ಕಂತೂ ಇಲ್ಲ.

ಕೊರೊಕ್ಕೆ ಹುಟ್ಟಾ ಜಪಾನಿನದಲ್ಲ. ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಪಶ್ಚಿಮದ ಅಡುಗೆ ಅಲ್ಲಿಗೆ ಇಳಿದಾಗ ಫ್ರಾನ್ಸಿನ ‘ಕ್ರೊಕೆಟ್’ ಕೂಡ ಬಂತು. ಫ್ರೆಂಚರದು ಹಾಲು, ಬೆಣ್ಣೆ, ಹಿಟ್ಟಿನ ಬಿಳಿ ಸಾಸ್ ತುಂಬಿದ್ದು. ಜಪಾನಿನಲ್ಲಿ ಜನಪ್ರಿಯವಾದದ್ದು ಬಟಾಟಿಯದು. ಮುಂದಿನ ತೈಷೋ ಕಾಲಕ್ಕೆ ಅದು ಎಷ್ಟು ಮನೆಮಾತಾಯಿತೆಂದರೆ, ದಿನಾ ಕೊರೊಕ್ಕೆಯನ್ನೇ ಮಾಡುವ ಹೆಂಡತಿಯ ಬಗ್ಗೆ ಗೊಣಗುವ ಗಂಡನ ಹಾಡೊಂದು 1917ರಲ್ಲಿ ಊರೆಲ್ಲ ಹಬ್ಬಿತ್ತು. ಮಾಂಸದ ಅಂಗಡಿಯವರು ಉಳಿದ ಚೂರುಪಾರನ್ನು ಬಟಾಟಿಗೆ ಬೆರೆಸಿ, ಕೊಬ್ಬಿನಲ್ಲಿ ಕರಿದು, ಬಿಡಿಯಾಗಿ ಮಾರಿದರು. ಇವತ್ತಿಗೂ ಅದು ಅಲ್ಲಿ ಬೀದಿ ತಿಂಡಿ, ಮಕ್ಕಳ ಡಬ್ಬಿ ತಿಂಡಿ. ಬನ್ನಿನ ನಡುವೆ ಇಟ್ಟು ವಡಾಪಾವ್‌ನಂತೆಯೂ ತಿನ್ನುತ್ತಾರೆ. ಚಂಡಮಾರುತ ಬೀಸುವ ದಿನ ಕೊರೊಕ್ಕೆ ತಿನ್ನುವ ಒಂದು ತಮಾಷೆಯ ರೂಢಿಯೂ ಬೆಳೆದಿದೆ. ಮಳೆ ಹಿಡಿದಾಗ ಭಜಿ ನೆನಪಾಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಬಟಾಟಿ. ಕೊರೊಕ್ಕೆ ಕೆಡುವುದು ಬಹುಪಾಲು ಇಲ್ಲೇ. ಬೇಕಾದದ್ದು ಬೆಂದ ಮೇಲೆ ಹಿಟ್ಟುಹಿಟ್ಟಾಗಿ ಉದುರುವ ಬಟಾಟಿ, ನೀರು ಕಡಿಮೆ, ಪಿಷ್ಟ ಹೆಚ್ಚು ಇರುವಂಥದ್ದು. ಜಪಾನಿನವರು ಇದಕ್ಕೆ ‘ದಾನ್‌ಶಾಕು’ ತಳಿಯನ್ನೇ ಆರಿಸುತ್ತಾರೆ. ಕವಾದಾ ರ್‍ಯೋಕಿಚಿ ಎಂಬ ಬ್ಯಾರನ್ 1908ರಲ್ಲಿ ಹೊಕ್ಕೈದೊ ದ್ವೀಪಕ್ಕೆ ತರಿಸಿ ಬೆಳೆಸಿದ ತಳಿ ಅದು. ನಮ್ಮ ಸಂತೆಯಲ್ಲಿ ತಳಿಯ ಹೆಸರು ಕೇಳಿದರೆ ಮಾರುವವರು ನಗುತ್ತಾರೆ. ಆದ್ದರಿಂದ ಕಣ್ಣು, ಕೈಯನ್ನೇ ನಂಬಬೇಕು. ಉಗುರಿಂದ ಗೀರಿದರೆ ಸಿಪ್ಪೆ ತಟ್ಟನೆ ಸುಲಿದು ಬರುವ ಹೊಸ ಬಟಾಟಿ ನೀರು ನೀರು. ಪಲ್ಯಕ್ಕೆ ಚೆಂದ, ಇದಕ್ಕೆ ಬೇಡ. ಸಿಪ್ಪೆ ಒರಟಾಗಿ ಬಲಿತ, ಒಣಗಿದ ಹಳೆಯದು ಬೇಕು. ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ: ಹನ್ನೊಂದು ಪಾಲು ನೀರಿಗೆ ಒಂದು ಪಾಲು ಉಪ್ಪು ಕರಗಿಸಿ ಬಟಾಟಿ ಹಾಕಿ. ಪಿಷ್ಟ ತುಂಬಿದ್ದು ಮುಳುಗುತ್ತದೆ, ನೀರು ತುಂಬಿದ್ದು ತೇಲುತ್ತದೆ.

ಫ್ರಿಜ್ಜಿನಲ್ಲಿ ಇಟ್ಟ ಬಟಾಟಿಯನ್ನು ತರಬೇಡಿ. ಚಳಿಯಲ್ಲಿ ಬಟಾಟಿಯ ಪಿಷ್ಟ ಸಕ್ಕರೆಯಾಗುತ್ತದೆ, ರುಚಿ ಸಪ್ಪೆ ಸಿಹಿ. ಅದಕ್ಕಿಂತ ಮುಖ್ಯ, ಬಟಾಟಿಯನ್ನು 120 ಡಿಗ್ರಿ ದಾಟಿಸಿ ಕಪ್ಪಾಗಿ ಹುರಿದಾಗ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಹುಟ್ಟುತ್ತದೆಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದರು; ಸಕ್ಕರೆ ಹೆಚ್ಚಿದ್ದಷ್ಟು ಅದೂ ಹೆಚ್ಚು. ಹೊಂಬಣ್ಣಕ್ಕೆ ಬಂದಾಗ ನಿಲ್ಲಿಸಿದರೆ ತಲೆಬಿಸಿ ಬೇಡ.

ಅರ್ಧ ಕೆಜಿ ಬಟಾಟಿಗೆ ಎಂಟು ಕೊರೊಕ್ಕೆ ಆಗುತ್ತವೆ. ಸಿಪ್ಪೆ ಸಮೇತ, ಹೆಚ್ಚದೆ ಇಡಿಯಾಗಿ ಬೇಯಿಸಿ. ಕುಕ್ಕರಿನಲ್ಲಾದರೆ ನೀರಿನೊಳಗೆ ಮುಳುಗಿಸುವ ಬದಲು ಮೇಲಿನ ಡಬ್ಬಿಯಲ್ಲಿಟ್ಟು ಹಬೆಯಲ್ಲಿ ಬೇಯಿಸುವುದು ಇನ್ನೂ ಉತ್ತಮ. ಹೆಚ್ಚಿದ ಹೋಳು ನೀರು ಕುಡಿಯುತ್ತದೆ, ಕುಡಿದ ನೀರು ಆಮೇಲೆ ಹಬೆಯಾಗಿ ಹೊದಿಕೆಯನ್ನು ಒಳಗಿಂದ ಮೆತ್ತಗೆ ಮಾಡುತ್ತದೆ. ಬೆಂದ ಕೂಡಲೇ, ಕೈ ಸುಡುತ್ತಿದ್ದರೂ, ಸಿಪ್ಪೆ ಸುಲಿದು ಬಿಸಿಯಲ್ಲೇ ಕಿವುಚಬೇಕು. ಇದರ ಹಿಂದೆ ಕಾರಣವಿದೆ. ಬಿಸಿ ಇದ್ದಾಗ ಬಟಾಟಿಯ ಜೀವಕೋಶಗಳ ನಡುವಿನ ಅಂಟು ಸಡಿಲವಿರುತ್ತದೆ, ಒತ್ತಿದರೆ ಅವು ಬಿಡಿಬಿಡಿಯಾಗಿ ಸರಿಯುತ್ತವೆ. ಆರಿದ ಮೇಲೆ ಆ ಅಂಟು ಬಿಗಿಯುತ್ತದೆ. ಆಗ ಕಿವುಚಿದರೆ ಕೋಶಗಳೇ ಒಡೆದು ಒಳಗಿನ ಪಿಷ್ಟ ಹೊರಬಂದು ಇಡೀ ಮುದ್ದೆ ಗೋಂದಾಗುತ್ತದೆ. ಮಿಕ್ಸಿಗೆ ಹಾಕುವವರಿಗಂತೂ ಗೋಂದು ಗ್ಯಾರಂಟಿ. ಪಾವ್ ಭಾಜಿ ಕಿವುಚುವ ಸಾಧನವೋ ಬಲವಾದ ಸೌಟಿನ ಬೆನ್ನೋ ಸಾಕು. ಅಲ್ಲೊಂದು ಇಲ್ಲೊಂದು ಕಡಲೆಯಷ್ಟು ಗಾತ್ರದ ಚೂರು ಉಳಿದರೆ ಬಾಯಿಗೆ ಸೊಗಸು.

ಕಿವುಚಿದ್ದನ್ನು ಅಗಲವಾದ ಬಾಣಲೆಯಲ್ಲಿ ಎರಡು ನಿಮಿಷ ಸಣ್ಣ ಉರಿಯ ಮೇಲೆ ಆಡಿಸಿ. ಹಬೆ ಏಳುವುದು ಕಾಣುತ್ತದೆ. ಅದು ಪೂರ್ತಿ ಇಳಿದು, ಬಾಣಲೆಯ ತಳದಲ್ಲಿ ತೆಳ್ಳನೆ ಬಿಳಿ ಪದರು ಹಿಡಿಯುವವರೆಗೆ ಇರಲಿ. ಎಣ್ಣೆಯಲ್ಲಿ ಕರಿಯುವವರು ಈ ಕೆಲಸ ಬಿಟ್ಟರೂ ನಡೆದೀತು. ಗಾಳಿಯ ಭಟ್ಟಿಯಲ್ಲಿ ಬಿಟ್ಟರೆ ನಡೆಯುವುದಿಲ್ಲ.

ಜಪಾನಿನ ಮನೆಗಳಲ್ಲಿ ಇದಕ್ಕೆ ಹುರಿದ ಉಳ್ಳಾಗಡ್ಡಿ ಮತ್ತು ಕೈಮಾ ಸೇರುತ್ತದೆ. ಕೈಮಾ ತಿನ್ನುವವರು ನೂರು ಗ್ರಾಂ ಕೈಮಾವನ್ನು ಪೂರ್ತಿ ಬೇಯಿಸಿ, ನೀರು ಇಂಗಿಸಿ ಹಾಕಿ. ತಿನ್ನದ ಮನೆಗೆ ನನ್ನ ಆಯ್ಕೆ ಮೊಳಕೆ ಬರಿಸಿದ ಮಡಿಕಿ ಕಾಳು. ಬೇಯಿಸಿ, ಬಸಿದು, ಉಳ್ಳಾಗಡ್ಡಿಯ ಜೊತೆ ಒಣಗುವಂತೆ ಹುರಿದರೆ ಹಲ್ಲಿಗೆ ಸಿಗುವ ರೀತಿ ಕೈಮಾಕ್ಕೆ ಹತ್ತಿರ. ಒಂದು ದೊಡ್ಡ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಉಪ್ಪು ಒಂದು ಸಣ್ಣ ಚಮಚ, ಕರಿಮೆಣಸಿನ ಪುಡಿ ಅರ್ಧ ಚಮಚ, ಇಷ್ಟವಿದ್ದರೆ ಒಂದು ಚಿಟಿಕೆ ಸಕ್ಕರೆ. ಇಲ್ಲಿಗೆ ನಿಲ್ಲಿಸಬೇಕು. ಅರಿಷಿಣ, ಸಾಸಿವೆ ಒಗ್ಗರಣೆ, ಶುಂಠಿ–ಬಳ್ಳೊಳ್ಳಿ ಸೇರಿಸುವ ಚಪಲ ಬರುತ್ತದೆ. ಸೇರಿಸಿದರೆ ಅದು ಬಟಾಟಿ ವಡಾ ಆಗುತ್ತದೆ, ಅದರ ರುಚಿ ನಮಗೆ ಗೊತ್ತಿದ್ದದ್ದೇ. ಕೊರೊಕ್ಕೆಯಲ್ಲಿ ಬಟಾಟಿಯ ಸ್ವಂತ ರುಚಿ ಮುಂದೆ ಇರಬೇಕು, ಖಾರವೆಲ್ಲ ಪಕ್ಕದ ತಟ್ಟೆಯಲ್ಲಿ.

ಈ ಮಿಶ್ರಣವನ್ನು ತಾಟಿನಲ್ಲಿ ಹರವಿ ಆರಿಸಿ. ಮನೆಯ ಅಡುಗೆಕಟ್ಟೆ ಇಳಕಲ್ಲಿನ ಕೆಂಪು ಗ್ರಾನೈಟಿನದಾದರೆ ತಾಟನ್ನು ನೇರ ಅದರ ಮೇಲಿಡಿ, ಕಲ್ಲು ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಆಮೇಲೆ ಅಂಗೈಯಲ್ಲಿ ಒತ್ತಿ, ಒಳಗೆ ಗಾಳಿ ಉಳಿಯದ ಹಾಗೆ, ಮೊಟ್ಟೆಯಾಕಾರದ ಚಪ್ಪಟೆ ಬಿಲ್ಲೆ ಮಾಡಿ. ದಪ್ಪ ಎರಡು ಸೆಂಟಿಮೀಟರ್ ಮೀರದಿರಲಿ. ಅಂಚಿನಲ್ಲಿ ಬಿರುಕಿದ್ದರೆ ಒದ್ದೆ ಬೆರಳಿಂದ ಸವರಿ ಮುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಿ.

ಇನ್ನು ರೊಟ್ಟಿ. ಜಪಾನಿನವರ ಹೊದಿಕೆ ‘ಪಾಂಕೊ’. ಕಾರ್ಖಾನೆಗಳಲ್ಲಿ ಕೆಲವು ಕಡೆ ಅದರ ಬ್ರೆಡ್ಡನ್ನು ಹಿಟ್ಟಿನ ಮೂಲಕ ವಿದ್ಯುತ್ ಹರಿಸಿ ಬೇಯಿಸುತ್ತಾರೆ, ಹಾಗಾಗಿ ಅದಕ್ಕೆ ಕಂದು ಅಂಚೇ ಇರುವುದಿಲ್ಲ; ಒಣಗಿಸಿ ಹೆರೆದಾಗ ಬಿಳಿ ಚಕ್ಕೆಗಳು ಬರುತ್ತವೆ. ಆನ್‌ಲೈನಿನಲ್ಲಿ ತರಿಸಿದರೆ ಬಾಗಲಕೋಟೆಯ ನವನಗರದ ಮನೆಬಾಗಿಲಿಗೂ ಬರುತ್ತದೆ, ಬೆಲೆ ಮಾತ್ರ ಬಟಾಟಿಯನ್ನು ನಾಚಿಸುವಂಥದ್ದು. ಬೇಕರಿಯ ಬ್ರೆಡ್ಡಿನ ಅಂಚು ಕತ್ತರಿಸಿ, ಕೈಯಲ್ಲಿ ಹರಿದು, ನಮ್ಮೂರಿನ ಬೇಸಿಗೆ ಬಿಸಿಲಿಗೆ ಒಂದು ಮಧ್ಯಾಹ್ನ ಹಾಕಿದರೂ ಕೆಲಸ ಆಗುತ್ತದೆ.

ಆದರೆ ಕಡಕ್ ರೊಟ್ಟಿ ಈ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಹಿಂಗಾರಿ ಬಿಳಿಜೋಳ, ಹೆಚ್ಚಾಗಿ ಮಾಲದಂಡಿ ಎಂದು ಕರೆಯುವ ಎಂ 35-1 ತಳಿಯದು, ಬಿಸಿನೀರಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಕೊನೆಗೆ ಸಣ್ಣ ಕಾವಿನಲ್ಲಿ ನೀರಿನ ಅಂಶವೆಲ್ಲ ಹೋಗುವವರೆಗೆ ಒಣಗಿಸಿರುತ್ತಾರೆ. ಅದಕ್ಕೇ ತಿಂಗಳುಗಟ್ಟಲೆ ಕೆಡುವುದಿಲ್ಲ. ಏರ್ ಫ್ರೈಯರಿನ ಗಾಳಿ ಮಾಡಬೇಕಾದ ಅರ್ಧ ಕೆಲಸವನ್ನು ರೊಟ್ಟಿ ಬಡಿದವರ ಹಂಚು ಆಗಲೇ ಮಾಡಿ ಮುಗಿಸಿದೆ. ಬಾದಾಮಿಯ ಬನಶಂಕರಿ ಗುಡಿಗೆ ಹೋದವರು ನೋಡಿರುತ್ತಾರೆ, ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಚಟ್ನಿ, ಮೊಸರು ಮಾರುತ್ತ ಕೂತಿರುತ್ತಾರೆ. ಹುನಗುಂದ, ಇಳಕಲ್, ಬಾಗಲಕೋಟೆಯಲ್ಲಿ ಕಡಕ್ ರೊಟ್ಟಿಯನ್ನೇ ಮಾಡಿ ಕಟ್ಟುಕಟ್ಟಿ ಮಾರುವ ಮನೆಗಳು ಎಷ್ಟೋ ಇವೆ. ಕೊರೊಕ್ಕೆಗೆ ಮುರಿದ ರೊಟ್ಟಿಯೇ ಸಾಕು, ಕಟ್ಟಿನ ತಳದಲ್ಲಿ ಹೇಗೂ ಉಳಿದಿರುತ್ತದೆ.

ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದು ನೋಡಿ. ಚಟ್ ಎಂದು ಚೊಕ್ಕವಾಗಿ ಮುರಿದರೆ ಸರಿ. ಬಾಗಿ ಆಮೇಲೆ ಹರಿದರೆ ಗಾಳಿಯ ತೇವ ಕುಡಿದಿದೆ, ಹಂಚಿನ ಮೇಲೆ ಮತ್ತೆ ಕಾಯಿಸಬೇಕು. ಮುರಿದ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ. ಮಿಕ್ಸಿ ಬಳಸುವುದಾದರೆ ಗುಂಡಿಯನ್ನು ಒಂದೊಂದೇ ಸಲ ಒತ್ತಿ ಬಿಡಿ, ಇಲ್ಲವಾದರೆ ಮರಳಿ ಜೋಳದ ಹಿಟ್ಟೇ ಕೈಗೆ ಬರುತ್ತದೆ. ಅಳತೆ ಮುಖ್ಯ: ಉಪ್ಪಿಟ್ಟಿನ ರವೆಗಿಂತ ಒಂದು ಗುಲಗಂಜಿ ದಪ್ಪ. ದೊಡ್ಡ ಚಕ್ಕೆ ಉಳಿದರೆ ಒಸಡಿಗೆ ಚುಚ್ಚುತ್ತದೆ, ಏಕೆಂದರೆ ರೊಟ್ಟಿಯೊಳಗೆ ಬ್ರೆಡ್ಡಿನಂತೆ ಗಾಳಿಯ ಗೂಡುಗಳಿಲ್ಲ, ಅದು ಗಟ್ಟಿ. ಈ ಕಾರಣಕ್ಕೇ ಮೊದಲ ಸಲ ಮಾಡುವವರು ಅರ್ಧ ರೊಟ್ಟಿ ಪುಡಿ, ಅರ್ಧ ಬ್ರೆಡ್ ಪುಡಿ ಬೆರೆಸಿಕೊಳ್ಳಲಿ. ಬ್ರೆಡ್ಡು ಹಗುರ ಕೊಡುತ್ತದೆ, ರೊಟ್ಟಿ ಗರಿಯನ್ನೂ ಸುಟ್ಟ ಜೋಳದ ವಾಸನೆಯನ್ನೂ ಕೊಡುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಉಳಿದಿದ್ದರೆ ಅದರ ಪುಡಿಯ ರುಚಿ ಇನ್ನೂ ಮೇಲು. ಸಜ್ಜಿಯಲ್ಲಿ ಜಿಡ್ಡು ಜಾಸ್ತಿ, ಹಳೆಯದಾದರೆ ಕಹಿಯಾಗುವುದರಿಂದ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ.

ಈ ಒಂದು ಹೆಜ್ಜೆಯನ್ನು ಮಾತ್ರ ಯಾರೂ ಬಿಡಬಾರದು. ದೊಡ್ಡ ಬಟ್ಟಲಿನಷ್ಟು ಪುಡಿಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಹುರಿದು ಆರಿಸಿ. ಶೇಂಗಾ ಎಣ್ಣೆಯಾದರೆ ಒಳ್ಳೆಯದು. ಕಡಾಯಿಯಲ್ಲಿ ಪ್ರತಿ ಚೂರನ್ನೂ ಎಣ್ಣೆ ಸುತ್ತುವರಿದು ಕೆಂಪು ಮಾಡುತ್ತದೆ, ಗಾಳಿಗೆ ಆ ಶಕ್ತಿ ಇಲ್ಲ. ಹುರಿಯದ ಬಿಳಿ ಪುಡಿ ಹಚ್ಚಿ ಬುಟ್ಟಿಯಲ್ಲಿಟ್ಟರೆ ಅಲ್ಲಲ್ಲಿ ಕೆಂಪು, ಉಳಿದೆಡೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಅದನ್ನು ಕೆಂಪು ಮಾಡುವ ಹಟಕ್ಕೆ ಹೊತ್ತು ಹೆಚ್ಚಿಸಿದರೆ ಒಳಗಿನ ಬಟಾಟಿ ಒಣಗಿ ಬಿರಿಯುತ್ತದೆ. ಬಣ್ಣವನ್ನು ಬಾಣಲೆಯಲ್ಲೇ ತಂದುಕೊಂಡು ಯಂತ್ರಕ್ಕೆ ಗರಿ ಮಾಡುವ ಕೆಲಸವನ್ನಷ್ಟೇ ಬಿಡುವುದು ಜಾಣತನ. ಒಟ್ಟು ಎಣ್ಣೆ ಎಂಟು ಕೊರೊಕ್ಕೆಗೆ ಮೂರು ಚಮಚ. ‘ಎಣ್ಣೆಯೇ ಇಲ್ಲದ’ ಕೊರೊಕ್ಕೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಬಹುದು, ತಿನ್ನುವುದು ಕಷ್ಟ.

ಪುಡಿ ಅಂಟಬೇಕಲ್ಲ, ಅದಕ್ಕೆ ಜಪಾನಿನಲ್ಲಿ ಹಿಟ್ಟು, ಮೊಟ್ಟೆ, ಪಾಂಕೊ ಎಂಬ ಮೂರು ತಟ್ಟೆಯ ಸಾಲು. ಮೊಟ್ಟೆ ಒಲ್ಲದ ಮನೆಗೆ ನಾಲ್ಕು ಚಮಚ ಮೈದಾಕ್ಕೆ ಆರೇಳು ಚಮಚ ನೀರು ಬೆರೆಸಿ, ಚಮಚದ ಬೆನ್ನಿಗೆ ಹಿಡಿದು ನಿಲ್ಲುವಷ್ಟು ತೆಳ್ಳಗೆ ಕಲಸಿದರೆ ಸಾಕು. ಕಾವಿಗೆ ಇದರ ಪಿಷ್ಟ ಬೆಂದು ಅಂಟಾಗುತ್ತದೆ. ದಪ್ಪವಾದರೆ ಹೊದಿಕೆ ಚಿಪ್ಪಿನಂತೆ ಬಿಟ್ಟುಕೊಳ್ಳುತ್ತದೆ, ನೀರಾದರೆ ಪುಡಿ ನೆನೆದು ಮೆತ್ತಗಾಗುತ್ತದೆ. ಗೋದಿ ಒಗ್ಗದವರು ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್ ಸಮಪಾಲು ಕಲಸಿ, ಪೂರ್ತಿ ಜೋಳದ ಪುಡಿಯನ್ನೇ ಬಳಸಬಹುದು. ಜೋಳದಲ್ಲಿ ಗ್ಲುಟೆನ್ ಇಲ್ಲ. ಬಿಲ್ಲೆಯನ್ನು ಮೊದಲು ಒಣ ಹಿಟ್ಟಿನಲ್ಲಿ ಹೊರಳಿಸಿ ಕೊಡವಿ, ಆಮೇಲೆ ಹಿಟ್ಟುನೀರು, ಆಮೇಲೆ ಪುಡಿ. ಒಂದು ಕೈ ಒದ್ದೆಯದಕ್ಕೆ, ಇನ್ನೊಂದು ಒಣದಕ್ಕೆ. ಅಂಚಿಗೂ ಪುಡಿ ಒತ್ತಬೇಕು. ಬೋಳು ಉಳಿದ ಕಡೆಯಿಂದಲೇ ಹಬೆ ನುಗ್ಗಿ ಕೊರೊಕ್ಕೆ ಬಾಯಿಬಿಡುವುದು.

ಯಂತ್ರವನ್ನು 190 ಡಿಗ್ರಿಗೆ ಇಟ್ಟು ಖಾಲಿಯಾಗಿ ಮೂರು ನಿಮಿಷ ಕಾಯಿಸಿ. ಖಾಲಿ ಬುಟ್ಟಿಯಲ್ಲಿ ಬೇಕಿಂಗ್ ಪೇಪರ್ ಹಾಕಿ ಕಾಯಿಸಬೇಡಿ, ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿ ಹೊಗೆಯಾಡುತ್ತದೆ. ಬಿಲ್ಲೆಗಳ ನಡುವೆ ಒಂದು ಬೆರಳಿನ ಸಂದು ಬಿಟ್ಟು ಒಂದೇ ಪದರು ಜೋಡಿಸಿ. ಒಂದರ ಮೇಲೊಂದು ಪೇರಿಸಿದರೆ ಗಾಳಿ ಹೋಗದು, ಗಾಳಿ ಹೋಗದಿದ್ದರೆ ಈ ಯಂತ್ರದಲ್ಲಿ ಏನೂ ಆಗದು. ಎಂಟರಿಂದ ಹತ್ತು ನಿಮಿಷ. ಆರನೆಯ ನಿಮಿಷಕ್ಕೆ ಚಪ್ಪಟೆ ಸೌಟಿನಿಂದ ಹುಷಾರಾಗಿ ಒಮ್ಮೆ ಮಗುಚಿ. ಒಳಗಿನದು ಮೊದಲೇ ಬೆಂದಿರುವುದರಿಂದ ಹೊರಗೆ ಗರಿಯಾಗಿ ಒಳಗೆ ಬಿಸಿ ಮುಟ್ಟಿದರೆ ಮುಗಿಯಿತು. ತೆಗೆದದ್ದನ್ನು ತಟ್ಟೆಗೆ ಹಾಕದೆ ಜಾಲರಿಯ ಮೇಲೆ ಎರಡು ನಿಮಿಷ ನಿಲ್ಲಿಸಿ, ತಳ ಬೆವರುವುದಿಲ್ಲ.

ಕರೆಂಟಿನ ಮಾತು ಇಲ್ಲಿ ಅಡುಗೆಯಷ್ಟೇ ಮುಖ್ಯ. ಸಾಮಾನ್ಯ ಏರ್ ಫ್ರೈಯರ್ 1400 ವ್ಯಾಟಿನ ಸುಮಾರಿನದು. 230 ವೋಲ್ಟಿನಲ್ಲಿ ಅದು ಆರು ಆಂಪಿಯರ್ ಮೀರಿ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಚುಚ್ಚುವ ಸಣ್ಣ ಸಾಕೆಟ್ಟಿನ ಮಿತಿಯೇ ಆರು ಆಂಪಿಯರ್. ಹಾಗಾಗಿ ಗೀಸರಿಗೆ ಬಳಸುವ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಇನ್ನೊಂದು, ಸಂಜೆ ಹೊತ್ತು ಹೆಸ್ಕಾಂ ಲೈನಿನಲ್ಲಿ ವೋಲ್ಟೇಜ್ ಇಳಿದು 200ಕ್ಕೆ ಬಂದರೆ ಅದೇ ಕಾಯಿಲ್ 1400 ವ್ಯಾಟ್ ಬದಲು 1060 ವ್ಯಾಟಿನಷ್ಟೇ ಕಾವು ಕೊಡುತ್ತದೆ. ವೋಲ್ಟೇಜ್ ಸ್ವಲ್ಪ ಇಳಿದರೆ ಕಾವು ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಮೇಲೆ ಹೇಳಿದ ಹತ್ತು ನಿಮಿಷ ಆಗ ಹದಿಮೂರಾಗಬಹುದು. ಗಡಿಯಾರಕ್ಕಿಂತ ಬಣ್ಣವನ್ನು ನೋಡಿ. ಖರ್ಚಿನ ಚಿಂತೆ ಮಾತ್ರ ಬೇಡ. ಕಾಯಿಸುವುದೂ ಸೇರಿ ಒಂದು ಸರ್ತಿಗೆ ಮೂರನೆಯ ಒಂದು ಯೂನಿಟ್ ಮೀರುವುದು ಅಪರೂಪ. ಯಂತ್ರದ ಹಿಂಬದಿಗೆ ಗೋಡೆಯಿಂದ ಒಂದು ಗೇಣು ಜಾಗ ಬಿಡಿ, ಬಿಸಿಗಾಳಿ ಅಲ್ಲಿಂದಲೇ ಹೊರಗೆ ಬರುತ್ತದೆ.

ಜಪಾನಿನವರು ಪಕ್ಕಕ್ಕೆ ಎಳೆಎಳೆಯಾಗಿ ಹೆಚ್ಚಿದ ಹಸಿ ಕ್ಯಾಬೇಜ್, ಮೇಲೆ ಕಪ್ಪನೆಯ ಹುಳಿ–ಸಿಹಿ ಸಾಸ್ ಇಡುತ್ತಾರೆ. ರೊಟ್ಟಿ ಊಟಕ್ಕೆ ಹಸಿ ಪಚಡಿ ಬಡಿಸುವ ನಮಗೆ ಕ್ಯಾಬೇಜಿನದು ಹೊಸತೇನಲ್ಲ. ಹೆಚ್ಚಿದ್ದನ್ನು ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ ಪೂರ್ತಿ ಬಸಿದರೆ ಗರಿಗರಿ ಎನ್ನುತ್ತದೆ. ಆ ಕಪ್ಪು ಸಾಸಿನ ಬೇರು ಇಂಗ್ಲೆಂಡಿನ ವೂಸ್ಟರ್ ಸಾಸಿನಲ್ಲಿದೆ. ವೂಸ್ಟರ್ ಸಾಸಿನೊಳಗೆ ಹುಣಸೆಹಣ್ಣು, ಕಾಕಂಬಿ ಇರುತ್ತವೆ ಎಂದು ತಿಳಿದ ಮೇಲೆ ಬಾಟಲಿ ಕೊಳ್ಳುವ ಅಗತ್ಯ ಉಳಿಯುವುದಿಲ್ಲ. ಎರಡು ಚಮಚ ಗಟ್ಟಿ ಹುಣಸೆರಸ, ಎರಡು ಚಮಚ ಮಹಾಲಿಂಗಪುರದ ಬೆಲ್ಲ, ಒಂದು ಚಮಚ ಟೊಮೇಟೊ ಕೆಚಪ್, ಚೂರು ಉಪ್ಪು, ಕರಿಮೆಣಸು. ಚಮಚದಿಂದ ನಿಧಾನ ಇಳಿಯುವಷ್ಟು ಗಟ್ಟಿಯಾಗುವವರೆಗೆ ಕುದಿಸಿ. ಕೆಂಪು ಖಾರ ಬೇಕೇ ಬೇಕು ಎನ್ನುವವರು ಶೇಂಗಾ ಚಟ್ನಿಪುಡಿಗೆ ಮೊಸರು ಕಲಸಿಕೊಂಡರೆ ಯಾವ ಜಪಾನಿಯೂ ತಕರಾರು ತೆಗೆಯಲಾರ.

ಎಂಟೂ ಒಂದೇ ಸಂಜೆ ಖರ್ಚಾಗದಿದ್ದರೆ ಪುಡಿ ಹಚ್ಚಿದ ಹಸಿ ಬಿಲ್ಲೆಗಳನ್ನೇ ಉಳಿಸಿ. ಒಂದಕ್ಕೊಂದು ತಾಗದಂತೆ ತಾಟಿನಲ್ಲಿ ಫ್ರೀಜರಿಗೆ ಇಟ್ಟು, ಕಲ್ಲಾದ ಮೇಲೆ ಡಬ್ಬಿಗೆ ತುಂಬಿದರೆ ತಿಂಗಳು ಬಾಳುತ್ತವೆ. ಮತ್ತೆ ಮಾಡುವಾಗ ಕರಗಿಸಬೇಡಿ, ಕರಗಿದ ನೀರಿಗೆ ಹೊದಿಕೆ ಕಳಚುತ್ತದೆ. ಫ್ರೀಜರಿನಿಂದ ನೇರ 180 ಡಿಗ್ರಿಗೆ ಹದಿನಾಲ್ಕು–ಹದಿನೈದು ನಿಮಿಷ ಇಟ್ಟು, ಒಂದನ್ನು ಮುರಿದು ನಡುವಿನ ಬಟಾಟಿ ಬಿಸಿಯಾಗಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಒಮ್ಮೆ ಮಾಡಿಟ್ಟದ್ದು ತಣ್ಣಗಾಗಿದ್ದರೆ 160 ಡಿಗ್ರಿಯಲ್ಲಿ ನಾಲ್ಕು ನಿಮಿಷ ಸಾಕು. ಬುಟ್ಟಿ ಪೂರ್ತಿ ಆರಿದ ಮೇಲೆ ಸ್ಪಂಜಿನಿಂದ ತೊಳೆಯಿರಿ. ಸ್ಟೀಲಿನ ನಾರು ಹಾಕಿ ಉಜ್ಜಿದರೆ ಅಂಟದ ಲೇಪ ಎದ್ದು, ಮುಂದಿನ ಸಲದ ಕೊರೊಕ್ಕೆಯ ತಳ ಬುಟ್ಟಿಯಲ್ಲೇ ಉಳಿಯುತ್ತದೆ.